ವ್ಯಾಪಾರ ಒಕ್ಕೂಟಗಳ ಕಾನೂನು: ಹೋಲಿಸಿ ಓದುವುದು ಹೇಗೆ?

ಐರೋಪ್ಯ ಒಕ್ಕೂಟ, ಆಗ್ನೇಯ ಏಷ್ಯಾದ ಆಸಿಯಾನ್, ದಕ್ಷಿಣ ಅಮೆರಿಕದ ಮರ್ಕೊಸುರ್, ದಕ್ಷಿಣ ಏಷ್ಯಾದ ನಮ್ಮ ಸಾರ್ಕ್ ದೇಶಗಳ ವ್ಯಾಪಾರ ಒಪ್ಪಂದ ಸಾಫ್ಟಾ. ಯಾವ ಒಪ್ಪಂದದ ಮೊದಲ ಪುಟ ತೆರೆದರೂ ಮಾತು ಹೆಚ್ಚುಕಡಿಮೆ ಒಂದೇ: ಸುಂಕ ಇಳಿಸೋಣ, ಒಟ್ಟಿಗೆ ಬೆಳೆಯೋಣ. ಅದನ್ನೇ ಇಟ್ಟುಕೊಂಡು ಹೋಲಿಸಲು ಕೂತರೆ ಏನೂ ಕೈಗೆ ಸಿಗುವುದಿಲ್ಲ. ನೀವು ಕಾನೂನು ವಿದ್ಯಾರ್ಥಿಯಾಗಿರಿ, ರಫ್ತು ಮಾಡುವವರಾಗಿರಿ, ಒಂದು ಪ್ರಶ್ನೆ ಮಾತ್ರ ಬಿಡಬೇಡಿ: ಮಾತು ತಪ್ಪಿದಾಗ ಯಾರು, ಎಲ್ಲಿ ಹೋಗಿ ಕೇಳಬಹುದು?

ಮೊದಲು, ಒಕ್ಕೂಟ ಯಾವ ಬಗೆಯದು ನೋಡಿ

ಮುಕ್ತ ವ್ಯಾಪಾರ ವಲಯವಾದರೆ ಸದಸ್ಯರು ತಮ್ಮೊಳಗೆ ಸುಂಕ ತೆಗೆಯುತ್ತಾರೆ, ಹೊರಗಿನವರ ಮೇಲೆ ಒಬ್ಬೊಬ್ಬರು ಒಂದೊಂದು ದರ ಹಾಕುತ್ತಾರೆ. ಕಸ್ಟಮ್ಸ್ ಒಕ್ಕೂಟವಾದರೆ ಹೊರಗಿನವರಿಗೂ ಎಲ್ಲರದ್ದೂ ಒಂದೇ ದರ. ಆಸಿಯಾನ್, ಸಾಫ್ಟಾ ಮೊದಲನೇ ಬಗೆ. ಯುರೋಪಿನ ಆರು ದೇಶಗಳು 1968ರಲ್ಲೇ ಎರಡನೇ ಹಂತ ಮುಟ್ಟಿದವು. ಮರ್ಕೊಸುರ್ ಕೂಡ ಕಸ್ಟಮ್ಸ್ ಒಕ್ಕೂಟವೇ, ಆದರೆ ಅಲ್ಲಿ ವಿನಾಯಿತಿಗಳು ಜಾಸ್ತಿ.

ಮುಕ್ತ ವ್ಯಾಪಾರ ವಲಯವಾದರೆ ಮೂಲದ ನಿಯಮ ಓದಿ

ಸರಕು ನಿಜವಾಗಿ ಯಾವ ದೇಶದ್ದು ಎಂದು ತೀರ್ಮಾನಿಸುವ ನಿಯಮ ಇದು. ಕೊಡಗು, ಚಿಕ್ಕಮಗಳೂರು, ಹಾಸನದ ಮೆಣಸು ಬೆಳೆಗಾರರಿಗೆ ಇದರ ಬಿಸಿ ಚೆನ್ನಾಗಿ ಗೊತ್ತು. ಶ್ರೀಲಂಕಾದ ಕಾಳುಮೆಣಸಿಗೆ ನಮ್ಮಲ್ಲಿ ಸುಂಕದ ರಿಯಾಯಿತಿ ಇದೆ. ಆ ದಾರಿಯಲ್ಲಿ ವಿಯೆಟ್ನಾಂ ಮೆಣಸು ಒಳಗೆ ಬರುತ್ತಿದೆ ಎಂದು ಅವರು ದೂರಿದರು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಗೊತ್ತುಮಾಡಿತು. 2020ರಿಂದ ಆಮದುದಾರ ಬರೀ ಸರ್ಟಿಫಿಕೇಟ್ ತೋರಿಸಿದರೆ ಸಾಲದು, ಮೂಲದ ಬಗ್ಗೆ ತಾನೇ ಮಾಹಿತಿ ಇಟ್ಟುಕೊಂಡಿರಬೇಕು.

ಈಗ ಎರಡು ಒಪ್ಪಂದಗಳ ಸಾಮಾನ್ಯ ನಿಯಮ ಪಕ್ಕಪಕ್ಕ ಇಡಿ. ಆಸಿಯಾನ್ ದೇಶಗಳ ನಡುವೆ ಸರಕಿನ ಬೆಲೆಯಲ್ಲಿ 40% ವಲಯದೊಳಗಿನದಾಗಿರಬೇಕು, ಇಲ್ಲವೇ ತಯಾರಿಕೆಯಲ್ಲಿ ಅದರ ಸುಂಕ ಶೀರ್ಷಿಕೆ, ಅಂದರೆ ಸುಂಕದ ಪಟ್ಟಿಯಲ್ಲಿ ಅದು ಸೇರುವ ವರ್ಗ, ಬದಲಾಗಿರಬೇಕು. ಎರಡರಲ್ಲಿ ಒಂದಿದ್ದರೆ ಸಾಕು. ಅದೇ ಆಸಿಯಾನ್ ಜೊತೆ ಭಾರತ 2009ರಲ್ಲಿ ಸಹಿ ಹಾಕಿದ ಒಪ್ಪಂದದಲ್ಲಿ 35% ಮೌಲ್ಯವೂ ಬೇಕು, ಉಪಶೀರ್ಷಿಕೆಯೂ (ಅದರೊಳಗಿನ ಉಪವರ್ಗ) ಬದಲಾಗಬೇಕು. ಶೇಕಡಾ ಲೆಕ್ಕ ಮಾತ್ರ ನೋಡಿದವರಿಗೆ ನಮ್ಮದೇ ಸಡಿಲ ಅನ್ನಿಸುತ್ತದೆ, ಅಲ್ವಾ? ಅದಕ್ಕೇ ಷರತ್ತನ್ನು ಪೂರ್ತಿ ಓದಬೇಕು.

ಒಕ್ಕೂಟದ ತೀರ್ಮಾನ ದೇಶದೊಳಗೆ ಕಾನೂನಾಗುವುದು ಹೇಗೆ?

ಐರೋಪ್ಯ ಒಕ್ಕೂಟದ ನಿಬಂಧನೆಗಳು ಸದಸ್ಯ ದೇಶಗಳಲ್ಲಿ ನೇರವಾಗಿ ಜಾರಿಯಾಗುತ್ತವೆ. ಮರ್ಕೊಸುರ್‌ನಲ್ಲಿ ಸಾಮಾನ್ಯವಾಗಿ ಪ್ರತಿ ದೇಶವೂ ತನ್ನ ಕಾನೂನಿಗೆ ಸೇರಿಸಿಕೊಳ್ಳುವ ತನಕ ಕಾಯಬೇಕು. ಒಬ್ಬರು ತಡಮಾಡಿದರೆ ಎಲ್ಲರಿಗೂ ತಡ.

ಬಾಗಿಲು ಯಾರಿಗೆ ತೆರೆದಿದೆ?

ಹೆಚ್ಚು ಸಮಯ ಇಲ್ಲಿ ಕೊಡಿ. ವಾನ್ ಗೆಂಡ್ ಎನ್ ಲೂಸ್ ಎಂಬ ಡಚ್ ಕಂಪನಿ ಪಶ್ಚಿಮ ಜರ್ಮನಿಯಿಂದ ಯೂರಿಯಾ ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕ ತರಿಸಿತು. ಹಿಂದೆ 3% ಇದ್ದ ಸುಂಕ ಈಗ 8% ಆಗಿತ್ತು. ಇಂದಿನ ಐರೋಪ್ಯ ಒಕ್ಕೂಟಕ್ಕೆ ಬುನಾದಿ ಹಾಕಿದ 1957ರ ರೋಮ್ ಒಪ್ಪಂದ, ಸದಸ್ಯರ ನಡುವೆ ಸುಂಕ ಏರಿಸಬಾರದು ಎಂದಿತ್ತು. ಅದು ದೇಶ ದೇಶಗಳ ನಡುವಿನ ಮಾತು, ಕಂಪನಿಗೇನು ಸಂಬಂಧ ಎಂದು ಸರ್ಕಾರ ವಾದಿಸಿತು. 1963ರಲ್ಲಿ ಲಕ್ಸೆಂಬರ್ಗ್‌ನಲ್ಲಿರುವ ಐರೋಪ್ಯ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಒಪ್ಪಂದ ಜನರಿಗೂ ಹಕ್ಕು ಕೊಟ್ಟಿದೆ, ದೇಶದ ನ್ಯಾಯಾಲಯಗಳು ಅದನ್ನು ಕಾಪಾಡಬೇಕು ಎಂದಿತು. ನನ್ನ ಪ್ರಕಾರ ಯುರೋಪು ಉಳಿದವರಿಗಿಂತ ಬೇರೆಯಾಗಿದ್ದು ಈ ತೀರ್ಪಿನಿಂದಲೇ.

ಐವತ್ತು ವರ್ಷದ ನಂತರ ಮಾರಿಷಸ್‌ನಲ್ಲಿ ಇದಕ್ಕೆ ತುಂಬ ಹತ್ತಿರದ ಪ್ರಕರಣ. ಪಾಲಿಟಾಲ್ ಪೇಂಟ್ಸ್ ಕಂಪನಿ ಈಜಿಪ್ಟಿನಿಂದ ತರಿಸುತ್ತಿದ್ದ ಸರಕಿಗೆ ಸರ್ಕಾರ ಮತ್ತೆ ಸುಂಕ ಹಾಕಿತು. ಎರಡೂ ದೇಶ ಆಫ್ರಿಕಾದ ಕೊಮೆಸಾ ಒಕ್ಕೂಟದಲ್ಲಿವೆ. ಒಪ್ಪಂದ ದೇಶದ ಕಾನೂನಾಗಿಲ್ಲ ಎಂದು ಮಾರಿಷಸ್ ಸುಪ್ರೀಂ ಕೋರ್ಟ್ ಕಂಪನಿಯನ್ನು ಬರಿಗೈಲಿ ಕಳಿಸಿತು. ಕೊಮೆಸಾದ ಸ್ವಂತ ನ್ಯಾಯಾಲಯ 2013ರಲ್ಲಿ ಕಂಪನಿಯ ಪರ ತೀರ್ಪು ಕೊಟ್ಟಿತು. ಕಂಪನಿಗೆ ನ್ಯಾಯ ಸಿಕ್ಕಿತು, ಆದರೆ ಮೊದಲು ಊರಿನ ನ್ಯಾಯಾಲಯಗಳನ್ನೆಲ್ಲ ಸುತ್ತಿ ಬರಬೇಕಾಯಿತು.

ಆಸಿಯಾನ್‌ನಲ್ಲಿ ಕಂಪನಿಗೆ ಇಂಥ ಬಾಗಿಲೇ ಇಲ್ಲ. ಅಲ್ಲಿ ತೀರ್ಮಾನ ಆಗುವುದು ಮಾತುಕತೆ, ಒಮ್ಮತದಿಂದ. ಅಲ್ಲಿನ ವ್ಯಾಜ್ಯ ಬಗೆಹರಿಸುವ ಪ್ರೋಟೊಕಾಲ್ ಕೂಡ ಸರ್ಕಾರಗಳಿಗೆ ಮಾತ್ರ. ಸಾಫ್ಟಾದಲ್ಲೂ ಅಷ್ಟೇ: ದೂರು ಕೊಡಬೇಕಾದ್ದು ಸರ್ಕಾರ, ಅದನ್ನು ನೋಡುವುದು ತಜ್ಞರ ಸಮಿತಿ, ಆಮೇಲೆ ಮಂತ್ರಿಗಳ ಮಂಡಳಿ. ಹಾಗಂತ ಆಸಿಯಾನ್ ಸೋತಿದೆ ಎಂದು ಬರೆದುಬಿಡಬೇಡಿ. ನ್ಯಾಯಾಲಯವಿಲ್ಲದೆಯೇ ಅವರು ತಮ್ಮೊಳಗಿನ ಬಹುಪಾಲು ಸುಂಕ ತೆಗೆದಿದ್ದಾರೆ. ಆದರೆ ಬಂದರಿನಲ್ಲಿ ಸರಕು ಸಿಕ್ಕಿಕೊಂಡ ಸಣ್ಣ ವ್ಯಾಪಾರಿ ತನ್ನ ಸರ್ಕಾರದ ಮನಸ್ಸು ಕರಗುವ ತನಕ ಕಾಯಬೇಕು. ಅದು ಸಣ್ಣ ವಿಷಯವಲ್ಲ.

ನ್ಯಾಯಾಲಯ ಇದೆ ಎಂದ ಮಾತ್ರಕ್ಕೆ ನಂಬಲೂ ಬೇಡಿ. ಆಫ್ರಿಕಾ ಖಂಡದ ದಕ್ಷಿಣ ಭಾಗದ ದೇಶಗಳ ಒಕ್ಕೂಟವಾದ ಸಾಡ್ಕ್‌ನ ನ್ಯಾಯಮಂಡಳಿ 2008ರಲ್ಲಿ ಜಮೀನು ಕಳೆದುಕೊಂಡ ರೈತರ ಪರವಾಗಿ, ಜಿಂಬಾಬ್ವೆ ವಿರುದ್ಧ ತೀರ್ಪು ಕೊಟ್ಟಿತು. 2010ರಲ್ಲಿ ದೇಶಗಳ ನಾಯಕರು ಆ ಮಂಡಳಿಯನ್ನೇ ನಿಲ್ಲಿಸಿದರು.

ಕೊನೆಗೆ, ವಿಶ್ವ ವ್ಯಾಪಾರ ಸಂಸ್ಥೆ (ಡಬ್ಲ್ಯುಟಿಒ) ಏನು ಹೇಳುತ್ತದೆ?

ರೀಟ್ರೆಡ್ ಟೈರ್ ಆಮದನ್ನು ಬ್ರೆಜಿಲ್ ನಿಷೇಧಿಸಿತ್ತು. ಹಳೇ ಟೈರ್ ರಾಶಿಯಲ್ಲಿ ಸೊಳ್ಳೆ ಹುಟ್ಟಿ ಡೆಂಗಿ ಹರಡುತ್ತದೆ ಎಂಬುದು ಅದರ ಒಂದು ಕಾರಣ. ಉರುಗ್ವೆ ಮರ್ಕೊಸುರ್ ನ್ಯಾಯಮಂಡಳಿಗೆ ಹೋಗಿ 2002ರಲ್ಲಿ ಗೆದ್ದಿತು. ಬ್ರೆಜಿಲ್ ಮರ್ಕೊಸುರ್ ದೇಶಗಳಿಗೆ ಮಾತ್ರ ವಿನಾಯಿತಿ ಕೊಟ್ಟಿತು. ನೆರೆಯವರಿಗೆ ಬಿಟ್ಟು ನಮಗೇಕೆ ತಡೆ ಎಂದು ಯುರೋಪು ಜಿನೀವಾದ ಡಬ್ಲ್ಯುಟಿಒದಲ್ಲಿ ದೂರಿತು. 2007ರಲ್ಲಿ ಮೇಲ್ಮನವಿ ಮಂಡಳಿ, ಆರೋಗ್ಯಕ್ಕಾಗಿ ನಿಷೇಧ ಹಾಕಬಹುದು, ಆದರೆ ಈ ತಾರತಮ್ಯಕ್ಕೆ ಸಮರ್ಥನೆ ಇಲ್ಲ ಎಂದಿತು. ಒಕ್ಕೂಟದ ತೀರ್ಪು ಪಾಲಿಸಿದ್ದೇ ಬ್ರೆಜಿಲ್‌ಗೆ ಅಲ್ಲಿ ತೊಡಕಾಯಿತು.

ಹಾಗಾಗಿ ಪ್ರತಿ ಒಪ್ಪಂದದ ಪಕ್ಕದಲ್ಲೂ ಅದು, ಒಕ್ಕೂಟದವರಿಗೆ ಮಾತ್ರ ರಿಯಾಯಿತಿ ಕೊಡಲು ಬಿಡುವ, ಡಬ್ಲ್ಯುಟಿಒದ ಸರಕು ವ್ಯಾಪಾರ ಒಪ್ಪಂದ ಗ್ಯಾಟ್‌ನ 24ನೇ ವಿಧಿಯಡಿ ಇದೆಯೋ, ಅಭಿವೃದ್ಧಿಶೀಲ ದೇಶಗಳಿಗಾಗಿ 1979ರಲ್ಲಿ ಕೊಟ್ಟ ಸಡಿಲ ನಿಯಮದಡಿಯೋ ಎಂದು ಗುರುತು ಹಾಕಿಕೊಳ್ಳಿ. ಡಬ್ಲ್ಯುಟಿಒ ಜಾಲತಾಣದ ಪ್ರಾದೇಶಿಕ ವ್ಯಾಪಾರ ಒಪ್ಪಂದಗಳ ವಿಭಾಗದಲ್ಲಿ ಈ ಮಾಹಿತಿ ಉಚಿತವಾಗಿ ಸಿಗುತ್ತದೆ.