ಹೊಸಬರಿಗೆ ಮಾರ್ಗದರ್ಶಿ: ಕಾಸರಗೋಡಿನ ಚಿಕ್ಕ ಅಡುಗೆಮನೆ, ಗೋಡೆ ಮೇಲೆ ಸಾಮಾನು

ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಕೂಡ್ಲಿನ ತೋಟದ ಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಗೋ ಬ್ಯಾಂಕಿಗೋ ಅಂತ ಘಟ್ಟದ ಮೇಲಿಂದ ಬರೋ ಕುಟುಂಬಗಳು ಮೊದಲನೇ ವಾರದಲ್ಲೇ ನಮ್ಮ ಕನ್ನಡ ಸಂಘಕ್ಕೆ ಫೋನ್ ಮಾಡಿ ಕೇಳೋದು ಒಂದೇ, ಕ್ವಾರ್ಟರ್ಸ್ ಅಡುಗೆಮನೆ ಇಷ್ಟೇ ಇಷ್ಟಿದೆ, ಸಾಮಾನೆಲ್ಲ ಎಲ್ಲಿಡೋದು ಅಂತ. ಜಾಗ ಗೋಡೆ ಮೇಲಿದೆ. ಆದ್ರೆ ಇಲ್ಲಿನ ಗೋಡೆ ನಿಮ್ಮೂರಿನ ಗೋಡೆ ಅಲ್ಲ, ಅದು ಯಾವ ಕಲ್ಲಿಂದು, ಮಳೆ ಯಾವ ಕಡೆಯಿಂದ ಹೊಡೆಯತ್ತೆ ಅಂತ ತಿಳ್ಕೊಳ್ಳೋವರೆಗೂ ಒಂದು ಮೊಳೆನೂ ಹೊಡೀಬೇಡಿ.

ಮೊದಲು ಮಳೆ

ಮೈಸೂರಲ್ಲಿ ವರ್ಷಕ್ಕೆ 800 ಮಿಲಿಮೀಟರ್ ಆಸುಪಾಸು ಮಳೆ, ಇಲ್ಲಿ ಸುಮಾರು 3500, ಅದ್ರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಬಿಡತ್ತೆ. ಗಾಳಿ ಸಮುದ್ರದ ಕಡೆಯಿಂದ, ಅಂದ್ರೆ ಪಡುವಣದಿಂದ ಬರೋದ್ರಿಂದ ಪಶ್ಚಿಮದ ಗೋಡೆ ನಾಲ್ಕು ತಿಂಗಳು ನೆನೀತಾನೇ ಇರತ್ತೆ. ನಾನು ಬಂದ ಮೊದಲ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಉಪ್ಪಿನ ಡಬ್ಬಿ ತೆಗೆದ್ರೆ ನೀರು, ಬೆಲ್ಲ ಪಾಕ, ಹುರಿಗಡಲೆ ಮೆತ್ತಗೆ, ಗೋಡೆಗೆ ಒರಗಿಸಿದ್ದ ಮರದ ಸ್ಟ್ಯಾಂಡ್ ಹಿಂದೆ ಹಸಿರು ಬೂಷ್ಟು. ಈ ಊರಲ್ಲಿ ಮನುಷ್ಯರು ಹೇಗೆ ಅಡುಗೆ ಮಾಡ್ತಾರಪ್ಪಾ ಅನ್ನಿಸಿಬಿಟ್ಟಿತ್ತು. ಪಕ್ಕದ ಮನೆ ಅಜ್ಜಿ ಬಂದು ನೋಡಿ, ಎಲ್ಲಾನೂ ಒಳಗಿನ ಗೋಡೆಗೆ ಸಾಗಿಸಿಬಿಡು ಅಂದ್ರು, ಅಷ್ಟೇ ಪರಿಹಾರ.

ಬೇಸಿಗೇಲಿ ಬಂದವರಿಗೆ ಎಲ್ಲಾ ಗೋಡೆನೂ ಒಣಗಿದ ಹಾಗೇ ಕಾಣತ್ತೆ, ಹಾಗಾಗಿ ಸಾಧ್ಯವಾದ್ರೆ ಒಂದು ಮಳೆಗಾಲ ಕಳೀಲಿ. ಮಳೇಲೇ ಬಂದಿದ್ರೆ ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆ ತಗೊಂಡು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ, ಗೋಡೆ ಕಡೆಗೆ ಹನಿ ಕಟ್ಟಿದ್ರೆ ಗೋಡೆನೇ ನೀರು ಕುಡಿದಿದೆ, ಅಲ್ಲಿ ಸೌಟು ಜರಡಿ ಬಿಟ್ಟು ಬೇರೇನೂ ಬೇಡ. ಹೊರಮೈಯಲ್ಲಿ ಮಾತ್ರ ತೇವ ಇದ್ರೆ ಅದು ಒಲೆ ಹಬೆ, ಕಿಟಕಿ ತೆಗೀರಿ.

ಶೆಲ್ಫ್ ಯಾವ ಗೋಡೆಗೇ ಹಾಕಿ, ಹಲಗೆಗೂ ಗೋಡೆಗೂ ನಡುವೆ ಒಂದು ಇಂಚು ಸಂದಿ ಬಿಡಿ, ಗಾಳಿ ಆಡ್ಬೇಕು. ಆ ಸಂದಿ ಇನ್ನೊಂದಕ್ಕೂ ಬೇಕು, ಗೆದ್ದಲು ಮಣ್ಣಿನ ಗೆರೆ ಎಳ್ಕೊಂಡು ಹತ್ತಿದ್ರೆ ಕಾಣತ್ತೆ. ಮರದ ಪುಡಿ ಒತ್ತಿ ಮಾಡೋ ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಇಲ್ಲಿ ಊದಿಕೊಂಡು ಪುಡಿಯಾಗತ್ತೆ, ಆನ್‌ಲೈನ್‌ನಲ್ಲಿ ಚೆಂದ ಕಂಡ್ರೂ ತರಿಸ್ಬೇಡಿ. ಸ್ಟೀಲ್, ಅಲ್ಯೂಮಿನಿಯಂ, ಪಿವಿಸಿ ಬೋರ್ಡ್, ಇಲ್ಲಾ ಐಎಸ್ 710 ಸೀಲ್ ಇರೋ, ನೀರು ತಡೆಯೋ ಮೆರೈನ್ ಪ್ಲೈ. ಸ್ಕ್ರೂ ಕೂಡ ಸ್ಟೇನ್‌ಲೆಸ್‌ದೇ ಆಗ್ಲಿ, ಉಪ್ಪುಗಾಳಿಗೆ ಮಾಮೂಲಿ ಕಬ್ಬಿಣ ಬೇಗ ತುಕ್ಕು ಹಿಡಿದು ಗೋಡೆ ಮೇಲೆ ಕಂದು ಕಣ್ಣೀರು ಇಳಿಸತ್ತೆ.

ಮುರಕಲ್ಲಿನ ಗೋಡೆ

ಹಳೇ ಬಾಡಿಗೆ ಮನೆಗಳಲ್ಲಿ ಹೆಚ್ಚಿನವು ಮುರಕಲ್ಲಿಂದು, ನೀವು ಕೆಂಪುಕಲ್ಲು ಅಂತೀರಲ್ಲ ಅದೇ. ಮೆತ್ತಗಿನ ಕಲ್ಲು ಅಂತ ಮೂಗು ಮುರೀಬೇಡಿ, ನಮ್ಮ ಕೆಳದಿ ನಾಯಕರು ಕಟ್ಟಿಸಿದ ಬೇಕಲ ಕೋಟೆ ಇದೇ ಕಲ್ಲಲ್ಲಿ ಇವತ್ತೂ ಸಮುದ್ರದ ಎದುರು ನಿಂತಿದೆ. ನೆಲದಿಂದ ಕಡಿಯೋವಾಗ ಮೆತ್ತಗಿದ್ದು ಗಾಳಿ ಬಿಸಿಲಿಗೆ ಗಟ್ಟಿ ಆಗೋ ಕಲ್ಲು ಇದು. ಆದ್ರೆ ಒಳಗೆಲ್ಲ ತೂತು ತೂತು, ಮೊಳೆ ಹೊಡೆದ್ರೆ ಗಾರೆ ಚಕ್ಕೆ ಏಳತ್ತೆ, ಡ್ರಿಲ್ಲನ್ನ ಹ್ಯಾಮರ್ ಮೋಡಲ್ಲಿ (ತಿರುಗ್ತಾ ಕುಟ್ಟೋದು) ಇಟ್ರೆ ತೂತು ಅಗಲವಾಗಿ, ಸ್ಕ್ರೂ ಕಚ್ಕೊಳ್ಳೋಕೆ ತೂತಿಗೆ ಹಾಕೋ ಪ್ಲಾಸ್ಟಿಕ್ ಪ್ಲಗ್ ಹಿಡಿಯಲ್ಲ.

ಹಾಗಾಗಿ ಹ್ಯಾಮರ್ ಆಫ್ ಮಾಡಿ ಬರೀ ತಿರುಗಿಸಿ, ಮೊದಲು 6 ಎಂಎಂ ಬಿಟ್, ಆಮೇಲೆ 8. ಗಾರೆನೇ ಅರ್ಧ ಇಂಚು ಇರತ್ತೆ, ಅಂಗಡೀಲಿ ಕೊಡೋ ಒಂದಿಂಚಿನ ಪ್ಲಗ್ ಅರ್ಧ ಗಾರೆಯಲ್ಲೇ ಕೂತಿರತ್ತೆ, ಡಬ್ಬಿ ತುಂಬಿದ ದಿನ ಶೆಲ್ಫ್ ಸಮೇತ ಕೆಳಗೆ ಬರೋದು ಅದಕ್ಕೇ. ಮೂರಿಂಚಿನ ಸ್ಕ್ರೂ, ಅದಕ್ಕೆ ತಕ್ಕ ಉದ್ದದ ಪ್ಲಗ್ ಕೇಳಿ ತಗೊಳ್ಳಿ. ತೂತಿನ ಧೂಳು ಪೂರ್ತಿ ಊದಿ ತೆಗೀರಿ. ಪ್ಲಗ್ ಸಡಿಲ ಅನ್ಸಿದ್ರೆ ಸಿಮೆಂಟ್ ಕಲಸಿ ತುಂಬಿ ಕೂರಿಸಿ ಎರಡು ದಿನ ಮುಟ್ಟಬೇಡಿ. ಹೊಸ ಕಟ್ಟಡಗಳಲ್ಲಿ ಹಾಲೋ ಬ್ಲಾಕ್ ಇರಬಹುದು, ಬೆರಳಲ್ಲಿ ತಟ್ಟಿದ್ರೆ ಟೊಳ್ಳು ಸದ್ದು ಬರತ್ತೆ, ಅದಕ್ಕೆ ಹಿಂದೆ ರೆಕ್ಕೆ ಬಿಚ್ಚೋ ಪ್ಲಗ್ ಬೇರೆನೇ ಸಿಗತ್ತೆ.

ತುಂಬಾ ಭಾರದ್ದಾದ್ರೆ ಗೋಡೆ ಬಿಟ್ಟು ಕಾಂಕ್ರೀಟ್ ಹುಡುಕಿ. ಕಿಟಕಿ ಮೇಲಿನ ಲಿಂಟಲ್, ಇಲ್ಲಿನ ಮೇಸ್ತ್ರಿಗಳು ಬರ್ತ್ ಅನ್ನೋ ಸಜ್ಜಾ, ಇವಕ್ಕೆ ಹ್ಯಾಮರ್ ಹಾಕಿ ಆಂಕರ್ ಬೋಲ್ಟ್ ಕೂರಿಸಿ ಒಂದು ಸ್ಟೀಲ್ ರಾಡ್ ಇಳಿಬಿಟ್ರೆ ಕುಕ್ಕರ್, ಬಾಣಲೆ, ರೊಟ್ಟಿ ಹಂಚು ಎಲ್ಲಾ ನೇತು ಹಾಕ್ಬಹುದು. ಅಜ್ಜಿ ಮನೆ ನೆಲುವೂ ಹೀಗೇ ಮೇಲಿಂದ ಇಳಿಬಿಟ್ಟಿದ್ದಲ್ವಾ, ಇರುವೆಯೂ ಬೆಕ್ಕೂ ಮುಟ್ತಿರಲಿಲ್ಲ.

ಎಲ್ಲಿ ಕೊರೀಬಾರದು
ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ (ಒಳಗೆ ವೈರ್ ಇರತ್ತೆ).
ನಲ್ಲಿಯ ನೇರಕ್ಕೆ.
ಒಲೆ ಮೇಲೆ ಎರಡೂವರೆ ಅಡಿ ಒಳಗೆ.
ಸಿಲಿಂಡರ್ ಟ್ಯೂಬಿನ ಮೇಲೆ ಬೀಳೋ ಜಾಗದಲ್ಲಿ.

ಮಾಲೀಕರ ಒಪ್ಪಿಗೆ

ಇದನ್ನ ದಯವಿಟ್ಟು ಎರಡು ಸಲ ಓದಿ. ಎಷ್ಟೋ ಮನೆಗಳ ಮಾಲೀಕರು ಗಲ್ಫಲ್ಲಿ, ಮನೆ ನೋಡ್ಕೊಳ್ಳೋದು ಅವರ ತಮ್ಮನೋ ಭಾವನೋ. ತಮ್ಮ ಬಂದು ಧಾರಾಳವಾಗಿ ಹಾಕ್ಕೊಳ್ಳಿ ಅಂತಾರೆ, ಖಾಲಿ ಮಾಡೋ ಹೊತ್ತಿಗೆ ಅಣ್ಣ ಊರಿಗೆ ಬಂದು ತೂತು ಎಣಿಸಿ ಅಡ್ವಾನ್ಸಲ್ಲಿ ಮುರ್ಕೊಂಡ್ರೆ ಯಾರ ಹತ್ರ ಹೇಳ್ತೀರಿ? ನಮಗೆ ಹಾಗೇ ಆಯ್ತು, ಅಡ್ವಾನ್ಸ್ ಪೂರ್ತಿ ಕೈಗೆ ಬರಲೇ ಇಲ್ಲ. ಬಾಯಿಮಾತು ಬೇಡ, ಮಾಲೀಕರಿಗೇ ವಾಟ್ಸಾಪಲ್ಲಿ ಗೋಡೆ ಫೋಟೋ ಕಳ್ಸಿ, ಎಲ್ಲೆಲ್ಲಿ ಎಷ್ಟು ತೂತು ಅಂತ ಗುರುತು ಮಾಡಿ, ಅವರು ಸರಿ ಅಂದಿದ್ದನ್ನ ಇಟ್ಕೊಳ್ಳಿ. ಬಿಡೋವಾಗ ವೈಟ್ ಸಿಮೆಂಟಲ್ಲಿ ನೀವೇ ಮುಚ್ಚಿ. ಸಂಘದವರು ಬಂದು ಜಗಳ ಬಿಡಿಸ್ಲಿ ಅಂತ ಕಾಯ್ಬೇಡಿ. ಇಲ್ಲಿ ಕನ್ನಡದವರು ಅಂದ್ರೆ ಮನೆ ಚೆನ್ನಾಗಿಟ್ಕೊಳ್ತಾರೆ ಅನ್ನೋ ಹೆಸರಿದೆ, ಮುಂದೆ ಬರೋ ನಮ್ಮವರಿಗೂ ಅದೇ ಮನೆ ಸಿಗ್ಬೇಕು.

ಒಪ್ಪಲ್ಲ ಅಂದ್ರೆ: ಕಿಟಕಿ ಸರಳಿಗೆ ಎಸ್ ಕೊಕ್ಕೆ, ಬಾಗಿಲ ಹಿಂದೆ ನೇತುಹಾಕೋ ರ‍್ಯಾಕ್, ನೆಲದಿಂದ ಎತ್ತರಕ್ಕೆ ನಿಲ್ಲೋ ಸ್ಟೀಲ್ ಸ್ಟ್ಯಾಂಡ್. ಅಂಟಿಸೋ ಹುಕ್ ಟೈಲ್ಸ್ ಮೇಲೆ ಮಾತ್ರ, ಎಣ್ಣೆ ಜಿಡ್ಡು ಸ್ಪಿರಿಟಲ್ಲಿ ಒರೆಸಿ, ಅಂಟಿಸಿ ಒಂದು ದಿನ ಬಿಟ್ಟು ಭಾರ ಹಾಕಿ. ಸುಣ್ಣ ಬಳಿದ ಗೋಡೆಗೆ ಅದು ನಿಲ್ಲಲ್ಲ.

ಸಾಮಾನು ಕಮ್ಮಿ ಮಾಡಿ

ಮದುವೇಲಿ ಕೊಟ್ಟ ಎರಡು ಡಜನ್ ಲೋಟ, ಮೂರು ಇಡ್ಲಿ ಪಾತ್ರೆ ಎಲ್ಲಾ ಹೊತ್ಕೊಂಡು ಬಂದು ಗೋಡೆ ಸಾಲಲ್ಲ ಅಂದ್ರೆ ಹೇಗೆ. ದಿನಾ ಬಳಸೋದು ಕಣ್ಣಿನ ಮಟ್ಟಕ್ಕೆ, ಉಳಿದಿದ್ದು ಬರ್ತ್ ಮೇಲೆ. ಸಂಬಳದ ದಿನ ತಿಂಗಳ ರೇಷನ್ ಪೂರ್ತಿ ತರೋ ಅಭ್ಯಾಸ ಮಳೆಗಾಲದಲ್ಲಿ ಬಿಡಿ, ರವೆ, ಜೋಳದ ಹಿಟ್ಟು ಹದಿನೈದು ದಿನಕ್ಕೆ ಆಗೋವಷ್ಟೇ ಸಾಕು. ಅರ್ಧ ಶೆಲ್ಫ್ ಅಲ್ಲೇ ಉಳಿಯತ್ತೆ. ಕ್ಯಾಲೆಂಡರಿಗೆ ಒಂದು ಮೊಳೆ ಜಾಗ ಬಿಡಿ, ಕನ್ನಡದ್ದೇ ಹಾಕಿ, ಮಕ್ಕಳು ತಿಂಡಿ ತಿನ್ನೋವಾಗ ಅಕ್ಷರ ಕಣ್ಣಿಗೆ ಬೀಳ್ತಿರಲಿ.

ಡ್ರಿಲ್ ಮೆಷಿನ್ ಸಂಘದಲ್ಲಿದೆ, ಹೆಸರು ಬರೆಸಿ ಒಯ್ಯಬಹುದು. ಬಿಟ್‌ಗಳನ್ನ ಒರೆಸಿ, ಎಣ್ಣೆ ಸವರಿ, ಎಲ್ಲಾ ಸೈಜೂ ಡಬ್ಬಿಯಲ್ಲಿದೆಯಾ ನೋಡಿ ವಾಪಸ್ ಕೊಡಿ, 8 ಎಂಎಂ ಬಿಟ್ ಯಾರ ಮನೇಲೋ ಉಳ್ಕೊಂಡಿದೆ, ಇದ್ದವರು ತಂದುಕೊಡಿ.