ವಿದ್ಯಾರ್ಥಿಗಳ ಆನ್‌ಲೈನ್ ಪತ್ರಿಕೆ: ನಡೆಸುವ ಬಗೆ, ಓದುಗರನ್ನು ಗಳಿಸುವ ಬಗೆ

ವಿದ್ಯಾರ್ಥಿ ಪತ್ರಿಕೆಗೆ ಓದುಗರು ದೊರೆಯಬೇಕಾದರೆ ಬೇರೆಲ್ಲೂ ಸಿಗದ ಸುದ್ದಿ ಅದರಲ್ಲಿರಬೇಕು. ದೇಶದ ರಾಜಕೀಯವನ್ನು ದೊಡ್ಡ ಪತ್ರಿಕೆಗಳು ಹೇಗೂ ಬರೆಯುತ್ತವೆ. ಆದರೆ ಕಾಲೇಜಿನ ಶುಲ್ಕ ಏಕೆ ಏರಿತು, ಗ್ರಂಥಾಲಯದ ಅವಧಿ ಏಕೆ ಕಡಿತವಾಯಿತು ಎಂಬುದನ್ನು ದಾಖಲೆಗಳನ್ನು ನೋಡಿ, ಸಂಬಂಧಪಟ್ಟವರ ಉತ್ತರವನ್ನೂ ಪಡೆದು ಬರೆಯಲು ಅಲ್ಲಿಯೇ ಓದುತ್ತಿರುವವರಷ್ಟು ಅನುಕೂಲ ಬೇರೆ ಯಾರಿಗೂ ಇರುವುದಿಲ್ಲ.

ಪ್ರತಿ ಬರಹವನ್ನೂ ಬರೆದವರಲ್ಲದ ಇನ್ನೊಬ್ಬರು ಓದಿ, ಹೆಸರು, ಅಂಕಿ ಮತ್ತು ದಿನಾಂಕಗಳನ್ನು ಮೂಲದೊಂದಿಗೆ ತಾಳೆ ನೋಡಿದ ಮೇಲೆಯೇ ಪ್ರಕಟಿಸಬೇಕು. ತಪ್ಪು ಕಂಡುಬಂದರೆ ಸದ್ದಿಲ್ಲದೆ ಅಳಿಸುವ ಬದಲು, ಏನನ್ನು ಯಾವಾಗ ತಿದ್ದಲಾಯಿತೆಂದು ಬರಹದ ಕೆಳಗೆ ತಿಳಿಸುವುದು ಲೇಸು. ಅಂತರಜಾಲದಲ್ಲಿ ಸಿಕ್ಕಿತೆಂಬ ಕಾರಣಕ್ಕೆ ಯಾವ ಚಿತ್ರವನ್ನೂ ಅನುಮತಿಯಿಲ್ಲದೆ ಬಳಸಬಾರದು.

ಪುಟವು ಮೊಬೈಲ್‌ನಲ್ಲಿ ಬೇಗ ತೆರೆದುಕೊಳ್ಳಬೇಕು. ಶೀರ್ಷಿಕೆ ವಿಷಯವನ್ನು ನೇರವಾಗಿ ಹೇಳಬೇಕು. ಸಾಮಾಜಿಕ ಜಾಲತಾಣಗಳಲ್ಲಿ ಯಾರಿಗೆ ಏನು ಕಾಣಿಸಬೇಕೆಂಬುದನ್ನು ಅವುಗಳನ್ನು ನಡೆಸುವ ಕಂಪನಿಗಳೇ ನಿರ್ಧರಿಸುವುದರಿಂದ, ಅವನ್ನಷ್ಟೇ ನೆಚ್ಚಿಕೊಳ್ಳದೆ, ಪ್ರತಿ ವಾರ ಒಂದೇ ದಿನದಂದು ಇಮೇಲ್ ಸುದ್ದಿಪತ್ರ ಕಳುಹಿಸುವುದು ಹೆಚ್ಚು ಭರವಸೆಯ ದಾರಿ. ಒಂದು ದಿನದ ವೀಕ್ಷಣೆಗಳ ಸಂಖ್ಯೆಗಿಂತ, ಎಷ್ಟು ಮಂದಿ ಮತ್ತೆ ಬಂದರೆಂಬುದನ್ನು ಗಮನಿಸಬೇಕು.

ಸಂಪಾದಕರು ಓದು ಮುಗಿಸಿ ಹೊರಡುವ ಮೊದಲೇ ಪಾಸ್‌ವರ್ಡ್‌ಗಳನ್ನೂ ಡೊಮೇನ್ (ಜಾಲತಾಣದ ವಿಳಾಸ) ನವೀಕರಣದ ಹೊಣೆಯನ್ನೂ ಕಿರಿಯರಿಗೆ ಒಪ್ಪಿಸಬೇಕು. ಇದನ್ನು ಮರೆತರೆ ಚೆನ್ನಾಗಿ ನಡೆಯುತ್ತಿರುವ ಪತ್ರಿಕೆಯೂ ನಿಂತುಹೋಗಬಹುದು.