ಸವೆದ ದವಡೆಗೆ ರೋಗಿಯದೇ ಮೂಳೆ: ನನ್ನ ಅನುಭವ

ಕೆಳದವಡೆಯ ಹಿಂಭಾಗದಲ್ಲಿ ರಿಡ್ಜ್‌ನ, ಅಂದರೆ ಹಲ್ಲು ಕೂರುವ ಮೂಳೆಯ ಏಣಿನ, ಅಗಲ 3 ಮಿ.ಮೀ. ಕೂಡ ಉಳಿಯದ ರೋಗಿಗಳಿಗೆ ಇಂಪ್ಲಾಂಟ್ (ಕೃತಕ ಹಲ್ಲಿಗೆ ಬೇರಿನಂತಿರುವ ಸ್ಕ್ರೂ) ಕೂರಿಸಲು ನಾನು ಕೆಲವು ವರ್ಷಗಳಿಂದ ಜರ್ಮನಿಯ ದಂತ ಶಸ್ತ್ರವೈದ್ಯ ಫೌಆದ್ ಖೂರಿ ಅವರ, ರೋಗಿಯದೇ ಮೂಳೆಯ ತೆಳು ಹಲಗೆಯಿಂದ ರಿಡ್ಜ್‌ನ ಅಗಲ ಹೆಚ್ಚಿಸುವ ವಿಧಾನವನ್ನೇ ಅನುಸರಿಸುತ್ತಿದ್ದೇನೆ. ಸಣ್ಣ ಊರಿನ ಕ್ಲಿನಿಕ್‌ನಲ್ಲಿ ಮೂಳೆ ತೆಗೆಯುವಲ್ಲಿ, ಕೂರಿಸುವಲ್ಲಿ ಹೀಗೆ ಎರಡು ಕಡೆ ಕೊಯ್ಯಲು ಯಾರೂ ಒಪ್ಪುವುದಿಲ್ಲ, ಒಪ್ಪಿದರೂ ಅಷ್ಟು ತೆಳುವಾದ ಮೂಳೆ ಕರಗಿಹೋಗುತ್ತದೆ ಎಂದು ಹಿರಿಯ ಸಹೋದ್ಯೋಗಿಗಳು ಎಚ್ಚರಿಸಿದ್ದರು. ಈಗ ಅವರೇ ತಮ್ಮ ಕಷ್ಟದ ಪ್ರಕರಣಗಳನ್ನು ನನ್ನ ಬಳಿಗೆ ಕಳುಹಿಸುತ್ತಾರೆ.

ಮೊದಲು ಬಳಸುತ್ತಿದ್ದುದು ಟೈಟಾನಿಯಂ ಮೆಶ್ (ಲೋಹದ ಜಾಲರಿ) ಮತ್ತು ದನದ ಮೂಳೆಯಿಂದ ತಯಾರಿಸಿದ ಗ್ರಾಫ್ಟ್ (ಕಸಿ ಸಾಮಗ್ರಿ). ಮೂರ್ನಾಲ್ಕು ವಾರಗಳಲ್ಲಿ ವಸಡು ಬಿರಿದು ಮೆಶ್ ಹೊರಗೆ ಕಾಣಿಸಿಕೊಂಡರೆ, ಸುಮಾರು 25 ಸಾವಿರ ರೂಪಾಯಿಯ ಸಾಮಗ್ರಿ ಹರಳು ಹರಳಾಗಿ ಸಕ್ಷನ್ ನಳಿಕೆಯ ಪಾಲಾಗುತ್ತಿತ್ತು, ರೋಗಿಯ ಹಣವನ್ನೂ ಹಿಂದಿರುಗಿಸಬೇಕಾಗುತ್ತಿತ್ತು. ಗ್ರಾಫ್ಟ್‌ನ ಮೂಲವನ್ನು ತಿಳಿಸಿದ ಕೂಡಲೇ ಕುರ್ಚಿಯಿಂದ ಎದ್ದು ಹೋದವರೂ ಇದ್ದಾರೆ. ತಿಳಿಸದೆ ಹಾಕುವುದು ನನ್ನಿಂದಾಗದ ಕೆಲಸ. ರೇಮಸ್‌ನ, ಅಂದರೆ ಕೆಳದವಡೆಯ ಹಿಂಬದಿಯಲ್ಲಿ ಮೇಲೇರುವ ಭಾಗದ, ದಪ್ಪ ತುಂಡನ್ನು ಇಡಿಯಾಗಿ ಕೂರಿಸಿದಾಗಲೂ ಒಳಗಿನವರೆಗೆ ರಕ್ತ ತಲುಪದೆ, ಇಂಪ್ಲಾಂಟ್‌ಗಾಗಿ ಡ್ರಿಲ್ ಮಾಡುವಾಗ ಅದು ಬೇರ್ಪಟ್ಟದ್ದುಂಟು.

ಈಗ ಅದೇ ತುಂಡನ್ನು ಸೀಳಿ, ಸಲೈನ್ ಸುರಿಯುತ್ತಾ ಸ್ಕ್ರೇಪರ್‌ನಿಂದ ಹೆರೆದು, ಹಪ್ಪಳದಂತೆ ತೆಳ್ಳಗೆ, ಸುಮಾರು 1 ಮಿ.ಮೀ. ದಪ್ಪಕ್ಕೆ ತರುತ್ತೇನೆ. ಆ ಹಲಗೆಯನ್ನು ರಿಡ್ಜ್‌ನಿಂದ ಸ್ವಲ್ಪ ದೂರದಲ್ಲಿ ಮೈಕ್ರೋಸ್ಕ್ರೂಗಳಿಂದ ಬಿಗಿದು, ನಡುವಿನ ಸಂದಿಗೆ ಹೆರೆದ ಚೂರುಗಳನ್ನೇ ಒತ್ತಿ ತುಂಬುತ್ತೇನೆ, ಮೇಲೆ ಮೆಂಬ್ರೇನ್ (ಹೊದಿಸುವ ತೆಳುಪೊರೆ) ಹಾಕುವುದಿಲ್ಲ. ಚೂರುಗಳ ನಡುವೆ ರಕ್ತನಾಳಗಳು ಬೇಗ ಹಬ್ಬುತ್ತವೆ. ನಾಲ್ಕು ತಿಂಗಳ ಬಳಿಕ ತೆರೆದಾಗ ಅಗಲ 6–7 ಮಿ.ಮೀ. ಸಿಗುತ್ತದೆ, ಸ್ಕ್ರೂ ಬಿಚ್ಚಿದ ರಂಧ್ರದಲ್ಲಿ ರಕ್ತ ಜಿನುಗುತ್ತದೆ. ಫ್ಲ್ಯಾಪ್, ಅಂದರೆ ಬಿಡಿಸಿ ಎತ್ತಿದ ವಸಡನ್ನು, ಎಳೆತವಿಲ್ಲದೆ ಮುಚ್ಚಬೇಕೆಂಬುದು ಎಲ್ಲರಿಗೂ ಗೊತ್ತು. ಕೆಳತುಟಿ, ಗಲ್ಲಗಳಿಗೆ ಸ್ಪರ್ಶ ಕೊಡುವ ಮೆಂಟಲ್ ನರದ ಬಳಿ ಅದನ್ನು ನಾನು ಸಡಿಲಿಸುವ ಕ್ರಮವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಬಂದು ನೋಡುವವರಿಗೆ ತೋರಿಸುತ್ತೇನೆ.

ಮೂಳೆ ತೆಗೆಯುವ ಜಾಗದಲ್ಲೇ ಬುದ್ಧಿಹಲ್ಲು ಹುದುಗಿದ್ದರೆ ಅದನ್ನೂ ಕಿತ್ತು, ಪುಡಿಮಾಡಿ, ಶುದ್ಧೀಕರಿಸಿ ಚೂರುಗಳಿಗೆ ಬೆರೆಸಿ ನೋಡಿದ್ದೇನೆ. ಹಲ್ಲು ಕಿತ್ತ ಕುಳಿಗೆ ಅದು ಚೆನ್ನಾಗಿಯೇ ಒದಗುತ್ತದೆ, ಆದರೆ ಅಗಲ ಹೆಚ್ಚಿಸಲು ಹಲಗೆಯ ಆಸರೆ ಬೇಕೇ ಬೇಕು. ಪಿಆರ್‌ಎಫ್‌ಗೆಂದು (ರೋಗಿಯದೇ ರಕ್ತವನ್ನು ವೇಗವಾಗಿ ತಿರುಗಿಸಿ ಪಡೆಯುವ ಫೈಬ್ರಿನ್ ಪೊರೆ) ಕೊಂಡ ಸೆಂಟ್ರಿಫ್ಯೂಜ್ ಈಗ ವಸಡು ಬೇಗ ಮಾಯಲಷ್ಟೇ ನೆರವಾಗುತ್ತಿದೆ. ಅದರಿಂದ ಮೂಳೆ ಬೆಳೆದದ್ದನ್ನು ನಾನಂತೂ ಕಂಡಿಲ್ಲ.

ಸಾಮಗ್ರಿಯ ಖರ್ಚು ಈಗ ಸ್ಕ್ರೂ, ಹೊಲಿಗೆ ಸೇರಿ ನಾಲ್ಕೈದು ಸಾವಿರ ದಾಟುವುದಿಲ್ಲ, ಕುರ್ಚಿಯ ಸಮಯ ಮಾತ್ರ ಎರಡು ಗಂಟೆಗೂ ಮೀರುತ್ತದೆ. ಶುಲ್ಕವನ್ನು ಆ ಲೆಕ್ಕದಲ್ಲೇ ಹೇಳುತ್ತೇನೆ. ಬೀಡಿ ಬಿಡದವರಿಗೂ ಸಕ್ಕರೆ ಹತೋಟಿಯಲ್ಲಿಲ್ಲದವರಿಗೂ ಎಷ್ಟು ಕೊಟ್ಟರೂ ಮಾಡುವುದಿಲ್ಲ.